ನಿಲ್ಲಿಸಬಾರದ ಇನ್ಸುಲಿನ್: ಟೈಪ್ 1 ಮಧುಮೇಹದ ಬಾಲಕಿಯೊಬ್ಬಳ ಶುಶ್ರೂಷೆಯ ಪ್ರಕರಣ ಅಧ್ಯಯನ

ಈ ಪ್ರಕರಣದ ರೋಗಿ ಹದಿಮೂರು ವರ್ಷದ, 32 ಕಿಲೋ ತೂಕದ ಶಾಲಾ ಬಾಲಕಿ. ಹತ್ತನೆಯ ವಯಸ್ಸಿನಲ್ಲಿ ಟೈಪ್ 1 ಮಧುಮೇಹವೆಂದು ಗೊತ್ತಾದಾಗಿನಿಂದ ಅವಳ ತಾಯಿ ಬೆಳಿಗ್ಗೆ 16, ರಾತ್ರಿ 10 ಯೂನಿಟ್‌ನಂತೆ ಬೇಗ ಮತ್ತು ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್‌ಗಳ 30/70 ಮಿಶ್ರಣ ಕೊಡುತ್ತಾ ಬಂದಿದ್ದರು. ಹಳೇ ಮೈಸೂರು ಭಾಗದ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ಮಕ್ಕಳ ತೀವ್ರ ನಿಗಾ ಘಟಕಕ್ಕೆ ಅವಳು ದಾಖಲಾದ ರಾತ್ರಿ ನಾನು ಅಲ್ಲಿ ಶುಶ್ರೂಷಾಧಿಕಾರಿಯಾಗಿ ಪಾಳಿಯಲ್ಲಿದ್ದೆ. ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ದಾಖಲಾಗುವುದಕ್ಕೆ ಎರಡು ದಿನ ಮೊದಲು ಅವಳಿಗೆ ಜ್ವರ, ವಾಂತಿ ಶುರುವಾಗಿತ್ತು. ಏನು ಕೊಟ್ಟರೂ ನಿಲ್ಲದೆ ಹೊರಗೆ ಬರುತ್ತಿದ್ದುದರಿಂದ ತಾಯಿ ಇನ್ಸುಲಿನ್ ನಿಲ್ಲಿಸಿದರು. ಒಟ್ಟು ನಾಲ್ಕು ಡೋಸ್ ತಪ್ಪಿತು. "ಉಣ್ಣದೇ ಇರೋ ಮಗೀಗೆ ಹೆಂಗ್ ಸೂಜಿ ಚುಚ್ಚೋದು ಸಿಸ್ಟರ್? ಶುಗರ್ ಇಳಿದು ಬಿದ್ದೋದ್ರೆ ಏನ್ ಮಾಡ್ಲಿ?" ಎಂದು ಅವರು ಕೇಳಿದ ಪ್ರಶ್ನೆಯನ್ನು ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. ಇನ್ಸುಲಿನ್ ಕೊಟ್ಟ ಮೇಲೆ ಊಟ ತಪ್ಪಿಸಬಾರದು ಎಂದು ಮೂರು ವರ್ಷದ ಹಿಂದೆ ಯಾವುದೋ ವಾರ್ಡಿನಲ್ಲಿ ನಮ್ಮಂಥವರೇ ಅವರಿಗೆ ಹೇಳಿಕೊಟ್ಟಿದ್ದರು. ಊಟವಿಲ್ಲದಿದ್ದರೆ ಇನ್ಸುಲಿನ್ ಬೇಡ ಎಂದು ಅದನ್ನು ಅವರು ತಿರುಗಿಸಿ ಅರ್ಥಮಾಡಿಕೊಂಡದ್ದು ಸಹಜವೇ ಆಗಿತ್ತು. ನಾವು ಅರ್ಧ ಪಾಠ ಹೇಳಿದ್ದೆವು, ಉಳಿದರ್ಧವನ್ನು ಅವರು ತಾವೇ ಊಹಿಸಿಕೊಂಡಿದ್ದರು.

ಟೈಪ್ 1 ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬರುವುದು ಬಹುತೇಕ ನಿಂತೇ ಹೋಗಿರುತ್ತದೆ. ಊಟ ಮಾಡದಿದ್ದರೂ ಯಕೃತ್ತು ತಾನಾಗಿ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಜ್ವರ ಬಂದಾಗ ಒತ್ತಡದ ಹಾರ್ಮೋನುಗಳು ಏರಿ ಇನ್ಸುಲಿನ್ ಅಗತ್ಯವು ಸಾಮಾನ್ಯವಾಗಿ ಹೆಚ್ಚುತ್ತದೆ. ಇನ್ಸುಲಿನ್ ಇಲ್ಲದ ದೇಹವು ಕೊಬ್ಬನ್ನು ಕರಗಿಸಿ ಕೀಟೋನ್ ತಯಾರಿಸುತ್ತದೆ, ಕೀಟೋನ್ ಸೇರಿದ ರಕ್ತ ಆಮ್ಲೀಯವಾಗುತ್ತದೆ, ಆ ಆಮ್ಲವನ್ನು ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರಹಾಕಲು ಉಸಿರು ಆಳವಾಗಿ, ವೇಗವಾಗಿ ಓಡುತ್ತದೆ. ಬಾಲಕಿಯ ಊರಿನ ಬಳಿಯ ಚಿಕಿತ್ಸಾಲಯದಲ್ಲಿ ಈ ಉಸಿರಾಟವನ್ನು ನ್ಯುಮೋನಿಯಾ ಎಂದು ಭಾವಿಸಿ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ಮರುದಿನ ಸಂಜೆ ತಾಲ್ಲೂಕು ಆಸ್ಪತ್ರೆಯ ಗ್ಲೂಕೋಮೀಟರ್ ಅಂಕಿಯ ಬದಲು 'ಹೈ' ಎಂದು ತೋರಿಸಿದಾಗಲೇ ಸಂಗತಿ ಬೆಳಕಿಗೆ ಬಂದು, 108 ಆಂಬುಲೆನ್ಸಿನಲ್ಲಿ ನಮ್ಮಲ್ಲಿಗೆ ಕಳಿಸಿದರು.

ರಾತ್ರಿ ಎಂಟಕ್ಕೆ ಹಾಸಿಗೆಗೆ ಬಂದಾಗ ಅವಳ ನಾಡಿ ನಿಮಿಷಕ್ಕೆ 138, ಉಸಿರಾಟ 40, ರಕ್ತದೊತ್ತಡ 96/60, ಜ್ವರ 100.8 ಡಿಗ್ರಿ ಇತ್ತು. ಉಗುರನ್ನು ಒತ್ತಿ ಬಿಟ್ಟರೆ ಬಣ್ಣ ಮರಳಲು ನಾಲ್ಕು ಸೆಕೆಂಡು ಹಿಡಿಯುತ್ತಿತ್ತು. ಕರೆದರೆ ಕಣ್ಣು ಬಿಟ್ಟು ಸರಿಯಾಗಿ ಉತ್ತರಿಸುತ್ತಿದ್ದಳು, ಆದರೆ ಮತ್ತೆ ಮಂಪರಿಗೆ ಜಾರುತ್ತಿದ್ದಳು. ಇಷ್ಟು ವೇಗದ ಉಸಿರಿದ್ದೂ ಆಮ್ಲಜನಕವಿಲ್ಲದೆಯೇ ಬೆರಳ ತುದಿಯ ಆಕ್ಸಿಜನ್ ಪ್ರಮಾಣ 98 ಇತ್ತು, ಎದೆಯ ಶಬ್ದ ಎರಡೂ ಬದಿ ಸ್ವಚ್ಛವಾಗಿತ್ತು. ಶ್ವಾಸಕೋಶದಲ್ಲಿ ತೊಂದರೆಯಿಲ್ಲದ ಇಂಥ ಉಸಿರಾಟ ಕಂಡಾಗ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡಿಬಿಡುವ ಅಭ್ಯಾಸ ಪ್ರತಿ ಚಿಕಿತ್ಸಾಲಯದಲ್ಲೂ ಇರಬೇಕೆಂದು ನನಗೆ ಅನ್ನಿಸುತ್ತದೆ. ಬಾಯಿಂದ ಅತಿಯಾಗಿ ಮಾಗಿದ ಹಣ್ಣಿನ ವಾಸನೆ ಬರುತ್ತಿತ್ತು. ಬೆಳಗಿನಿಂದಲೂ ಹಾಗೆಯೇ ಇದೆ ಎಂದು ಅಜ್ಜಿ ಹೇಳಿದರು. ಪ್ರಯೋಗಾಲಯದ ವರದಿಯಲ್ಲಿ ಗ್ಲೂಕೋಸ್ 512 ಮಿಲಿಗ್ರಾಂ, ರಕ್ತ ಆಮ್ಲೀಯವಾದಂತೆ ಇಳಿಯುವ ಪಿಎಚ್ 7.14 ಮತ್ತು ಬೈಕಾರ್ಬೊನೇಟ್ 8, ಸೋಡಿಯಂ 131, ಕ್ಲೋರೈಡ್ 97, ಪೊಟ್ಯಾಸಿಯಂ 4.1 ಬಂದವು. ಮಧ್ಯಮ ತೀವ್ರತೆಯ ಡಯಾಬಿಟಿಕ್ ಕೀಟೋಆಸಿಡೋಸಿಸ್, ಅಂದರೆ ವಾರ್ಡಿನ ಮಾತಿನಲ್ಲಿ ಡಿಕೆಎ, ಎಂದು ವೈದ್ಯರು ನಿರ್ಧರಿಸಿದರು.

ಮೊದಲ ಗಂಟೆಯಲ್ಲಿ ಇನ್ಸುಲಿನ್ ಕೊಡಲಿಲ್ಲ. ಅಜ್ಜಿಗೆ ಇದು ಅರ್ಥವಾಗದೆ, ಸಕ್ಕರೆ ಐನೂರು ದಾಟಿರುವಾಗ ಸೂಜಿ ಏಕೆ ಹಾಕುತ್ತಿಲ್ಲ ಎಂದು ಎರಡು ಮೂರು ಬಾರಿ ಕೇಳಿದರು. ಮೊದಲು ನೀರು, ಆಮೇಲೆ ಇನ್ಸುಲಿನ್ ಎಂಬ ಕ್ರಮಕ್ಕೆ ಕಾರಣವಿದೆ: ದ್ರವ ಸೇರಿದರೆ ರಕ್ತಪರಿಚಲನೆ ಸುಧಾರಿಸಿ ಸಕ್ಕರೆಯೂ ಸ್ವಲ್ಪ ಇಳಿಯುತ್ತದೆ, ಆದರೆ ಮಕ್ಕಳಲ್ಲಿ ಆರಂಭದಲ್ಲೇ ಇನ್ಸುಲಿನ್ ಸುರಿದರೆ ಮಿದುಳು ಊತದ ಅಪಾಯ ಹೆಚ್ಚುತ್ತದೆ. ಹಾಸಿಗೆ ತಕ್ಕಡಿಯಲ್ಲಿ ತೂಕ ನೋಡಿ, ಎರಡೂ ಕೈಗೆ ಕ್ಯಾನುಲಾ ಹಾಕಿ, ಒಂದನ್ನು ದ್ರವಕ್ಕೂ ಇನ್ನೊಂದನ್ನು ಪದೇ ಪದೇ ರಕ್ತ ತೆಗೆಯಲಿಕ್ಕೂ ಮೀಸಲಿಟ್ಟೆವು. ಕಿಲೋಗೆ 10 ಮಿಲಿಯಂತೆ 320 ಮಿಲಿ ನಾರ್ಮಲ್ ಸಲೈನ್ ಒಂದು ಗಂಟೆಯಲ್ಲಿ ಹೋಯಿತು. ಅನಂತರದ ಲೆಕ್ಕವನ್ನು ವೈದ್ಯರು ಹಾಳೆಯ ಮೇಲೆ ಹಾಕಿದರು, ನಾನು ಪಕ್ಕದಲ್ಲಿ ಮತ್ತೊಮ್ಮೆ ಹಾಕಿ ನೋಡಿದೆ. ಶೇಕಡಾ 7ರಷ್ಟು ನಿರ್ಜಲೀಕರಣಕ್ಕೆ 2,240 ಮಿಲಿ, ಅದರಲ್ಲಿ ಕೊಟ್ಟಾಗಿದ್ದ 320 ಕಳೆದರೆ 1,920. ದಿನಕ್ಕೆ 1,740ರಂತೆ ಎರಡು ದಿನದ ಸಾಮಾನ್ಯ ಅಗತ್ಯ 3,480. ಎಲ್ಲ ಸೇರಿ 5,400 ಮಿಲಿಯನ್ನು 48 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 113 ಮಿಲಿ. ಬಾಯಾರಿ ಒಣಗಿದ ಮಗುವಿಗೆ ಡ್ರಿಪ್ ಇಷ್ಟು ನಿಧಾನವಾಗಿ ಓಡುವುದನ್ನು ನೋಡುತ್ತಾ ಕೂರುವುದು ಮನೆಯವರಿಗೆ ಕಷ್ಟ. ಡ್ರಿಪ್ಪಿನ ವೇಗ ಬದಲಿಸುವ ರೋಲರನ್ನು ತಾವೇ ಸ್ವಲ್ಪ ತಿರುಗಿಸುವ ಸಂಬಂಧಿಕರನ್ನೂ ಕಂಡಿರುವುದರಿಂದ, ಅದನ್ನು ಮುಟ್ಟಬಾರದೇಕೆ ಎಂಬುದನ್ನು ಅವರಿಗೆ ಆಗಲೇ ತಿಳಿಸಿ ಹೇಳಿದೆ.

ಒಂಬತ್ತಕ್ಕೆ ಸಕ್ಕರೆ 448 ಇತ್ತು, ಇನ್ಸುಲಿನ್ ಆರಂಭಿಸಿದೆವು. ನಮ್ಮಲ್ಲಿ ಸಿಗುವ, ಬೇಗ ಕೆಲಸ ಮಾಡುವ ರೆಗ್ಯುಲರ್ ಇನ್ಸುಲಿನ್ ಬಾಟಲಿಯಲ್ಲಿ ಮಿಲಿಗೆ 40 ಯೂನಿಟ್ ಇರುತ್ತದೆ. 50 ಯೂನಿಟ್ ಬೇಕೆಂದರೆ 1.25 ಮಿಲಿ ತೆಗೆದು, ಸಲೈನ್ ಸೇರಿಸಿ 50 ಮಿಲಿ ಮಾಡಿದರೆ ಒಂದು ಮಿಲಿಗೆ ಒಂದು ಯೂನಿಟ್ ಆಗುತ್ತದೆ. ಕಿಲೋಗೆ ಗಂಟೆಗೆ 0.1 ಯೂನಿಟ್‌ನಂತೆ ಸಿರಿಂಜ್ ಪಂಪಿನ ವೇಗ ಗಂಟೆಗೆ 3.2 ಮಿಲಿ. ಬಾಟಲಿಯ ಮೇಲಿನ 40 ಎಂಬ ಅಂಕಿಯನ್ನು ಇಬ್ಬರು ಗಟ್ಟಿಯಾಗಿ ಓದಿ ಹೇಳಿಯೇ ತೆಗೆಯಬೇಕೆಂಬ ನಿಯಮವನ್ನು ನಾನು ಎಷ್ಟೇ ಗಡಿಬಿಡಿಯಿದ್ದರೂ ಬಿಡುವುದಿಲ್ಲ, ಏಕೆಂದರೆ ಮಿಲಿಗೆ 100 ಯೂನಿಟ್‌ನ ಬಾಟಲಿಗಳೂ ಅದೇ ಫ್ರಿಡ್ಜಿನಲ್ಲಿರುತ್ತವೆ, ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ವ್ಯತ್ಯಾಸವಾಗುತ್ತದೆ. ಇನ್ಸುಲಿನ್ ಪ್ಲಾಸ್ಟಿಕ್ ನಳಿಕೆಯ ಒಳಮೈಗೆ ಅಂಟಿಕೊಳ್ಳುವುದರಿಂದ ಸ್ವಲ್ಪ ದ್ರಾವಣವನ್ನು ನಳಿಕೆಯ ಮೂಲಕ ಹರಿಸಿ ಚೆಲ್ಲಿದ ಮೇಲೆ ರೋಗಿಗೆ ಜೋಡಿಸಿದೆವು. ಅಷ್ಟರಲ್ಲಿ ಅವಳು ಮೂತ್ರ ಮಾಡಿದ್ದರಿಂದ ಪ್ರತಿ 500 ಮಿಲಿ ಸಲೈನಿಗೆ ಪೊಟ್ಯಾಸಿಯಂ ಕ್ಲೋರೈಡಿನ ಒಂದು ಆಂಪೂಲ್, ಅಂದರೆ 10 ಮಿಲಿಯಲ್ಲಿ 20 ಮಿಲಿಈಕ್ವಿವಲೆಂಟ್, ಬೆರೆಸಿದೆವು. ರಕ್ತದಲ್ಲಿ ಪೊಟ್ಯಾಸಿಯಂ 4.1 ಎಂದು ಕಂಡರೂ ದೇಹದ ಒಟ್ಟು ದಾಸ್ತಾನು ಖಾಲಿಯಾಗಿರುತ್ತದೆ, ಇನ್ಸುಲಿನ್ ಒಳಹೋದೊಡನೆ ಉಳಿದದ್ದೂ ಜೀವಕೋಶಗಳೊಳಗೆ ಸರಿಯುತ್ತದೆ. ರಾತ್ರಿ ಒಂದಕ್ಕೆ ಅದು 3.4ಕ್ಕೆ ಇಳಿದದ್ದು ಇದರಿಂದಲೇ. ಮಾನಿಟರಿನಲ್ಲಿ ಹೃದಯದ ಅಲೆಗಳನ್ನು ಬಿಡದೆ ಗಮನಿಸಬೇಕಾದ್ದೂ ಇದಕ್ಕೇ.

ಹತ್ತಕ್ಕೆ 388, ಹನ್ನೊಂದಕ್ಕೆ 326, ಹನ್ನೆರಡಕ್ಕೆ 271, ಒಂದಕ್ಕೆ 236. ಗಂಟೆಗೆ 36ರಿಂದ 90 ಮಿಲಿಗ್ರಾಂನಷ್ಟು ಇಳಿಯುವುದು ಅಪೇಕ್ಷಿತವಾದ್ದರಿಂದ ಚಾರ್ಟ್ ನೋಡಲು ಚೆನ್ನಾಗಿಯೇ ಇತ್ತು. ಈ ಲೇಖನ ಬರೆಯಲು ಕಾರಣವಾದ ಘಟನೆ ನಡೆದದ್ದು ಆಗ. ಕೇಸ್ ಶೀಟಿನಲ್ಲಿ "250ಕ್ಕಿಂತ ಕೆಳಗಿಳಿದರೆ ತಿಳಿಸಿ" ಎಂಬ ಆದೇಶವಿತ್ತು. ನನ್ನೊಂದಿಗಿದ್ದ, ಘಟಕಕ್ಕೆ ಬಂದು ಮೂರು ವಾರವಾಗಿದ್ದ ಸಹೋದ್ಯೋಗಿ 236 ನೋಡಿ, ವೈದ್ಯರು ಬರುವವರೆಗೆ ಸುರಕ್ಷಿತವಾಗಿರಲೆಂದು ಇನ್ಸುಲಿನ್ ಪಂಪನ್ನು ನಿಲ್ಲಿಸಿ ಫೋನ್ ಮಾಡಲು ಹೋದರು. ವೈದ್ಯರು ತುರ್ತು ವಿಭಾಗದಲ್ಲಿದ್ದರು, ನಾನು ವೆಂಟಿಲೇಟರಿನಲ್ಲಿದ್ದ ಇನ್ನೊಂದು ಮಗುವಿನ ಬಳಿ ಇದ್ದೆ. ಹನ್ನೆರಡು ನಿಮಿಷಗಳ ನಂತರ ಪಂಪಿನ ದೀಪ ಬೇರೆ ಬಣ್ಣದಲ್ಲಿರುವುದು ಕಣ್ಣಿಗೆ ಬಿತ್ತು.

ರಕ್ತನಾಳದ ಮೂಲಕ ಹೋಗುವ ರೆಗ್ಯುಲರ್ ಇನ್ಸುಲಿನ್ನಿನ ಆಯುಷ್ಯ ಕೆಲವೇ ನಿಮಿಷ. ಪಂಪ್ ನಿಂತರೆ ಸ್ವಲ್ಪ ಹೊತ್ತಿನಲ್ಲೇ ಅವಳು ಮತ್ತೆ ಮನೆಯಲ್ಲಿದ್ದ ಸ್ಥಿತಿಗೆ, ಅಂದರೆ ಇನ್ಸುಲಿನ್ನೇ ಇಲ್ಲದ ಸ್ಥಿತಿಗೆ, ಮರಳುತ್ತಾಳೆ. ಆ ಹೊತ್ತಿನ ವರದಿಯಲ್ಲಿ ಪಿಎಚ್ 7.19, ಬೈಕಾರ್ಬೊನೇಟ್ 10 ಇತ್ತು. ಸಕ್ಕರೆ ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೂ ಆಮ್ಲ ಅಲ್ಲಾಡಿರಲೇ ಇಲ್ಲ ಎನ್ನಬಹುದು. ಡಿಕೆಎಯಲ್ಲಿ ಇನ್ಸುಲಿನ್ ಕೊಡುವುದು ಸಕ್ಕರೆ ಇಳಿಸುವುದಕ್ಕೆ ಮಾತ್ರವಲ್ಲ, ಮುಖ್ಯವಾಗಿ ಕೀಟೋನ್ ತಯಾರಿಕೆಯನ್ನು ನಿಲ್ಲಿಸುವುದಕ್ಕೆ. ಸಕ್ಕರೆ ಮೊದಲು ಇಳಿಯುತ್ತದೆ, ಕೀಟೋನ್ ತಡವಾಗಿ ಇಳಿಯುತ್ತದೆ, ಈ ನಡುವಿನ ಗಂಟೆಗಳಲ್ಲಿ ಮಾಡಬೇಕಾದ್ದು ಇನ್ಸುಲಿನ್ ನಿಲ್ಲಿಸುವುದಲ್ಲ, ಡ್ರಿಪ್ಪಿಗೆ ಗ್ಲೂಕೋಸ್ ಸೇರಿಸುವುದು. ಕೂಡಲೇ ಪಂಪನ್ನು ಮತ್ತೆ ಆರಂಭಿಸಿ, ವೈದ್ಯರಿಗೆ ತಿಳಿಸಿ, ಸಲೈನ್ ಬಾಟಲಿಯ ಬದಲು ಪೊಟ್ಯಾಸಿಯಂ ಬೆರೆಸಿದ, ಗ್ಲೂಕೋಸ್ ಇರುವ ಸಲೈನಾದ ಡಿಎನ್‌ಎಸ್ ಹಾಕಿದೆವು. ಎರಡು ಗಂಟೆಗೆ ಸಕ್ಕರೆ 248ಕ್ಕೆ ಏರಿ ಮತ್ತೆ ಇಳಿಯತೊಡಗಿತು. ಬೆಳಿಗ್ಗೆ ಆರಕ್ಕೆ 162 ಆದಾಗಲೂ ವೈದ್ಯರು ಡ್ರಿಪ್ಪಿನ ಗ್ಲೂಕೋಸ್, ಅಂದರೆ ಡೆಕ್ಸ್‌ಟ್ರೋಸ್ ಪ್ರಮಾಣ ಹೆಚ್ಚಿಸಿದರೇ ಹೊರತು ಇನ್ಸುಲಿನ್ ಕಡೆ ಕೈ ಹಾಕಲಿಲ್ಲ.

ಆ ಸಹೋದ್ಯೋಗಿಯನ್ನು ದೂರುವುದು ನನ್ನ ಉದ್ದೇಶವಲ್ಲ. ತಾಯಿ ಮನೆಯಲ್ಲಿ ಮಾಡಿದ ತರ್ಕವನ್ನೇ ಅವರು ಮಾಡಿದ್ದರು, ಅದೂ ನಾನಿದ್ದ ಪಾಳಿಯಲ್ಲೇ. ಪಾಳಿಯ ಆರಂಭದಲ್ಲಿ ಗಂಟೆಗೊಮ್ಮೆ ರಕ್ತದ ಸಕ್ಕರೆ, ಅಂದರೆ ಜಿಆರ್‌ಬಿಎಸ್ ನೋಡಿ ಎಂದು ನಾನು ಹೇಳಿದ್ದೆನೇ ಹೊರತು, ನೋಡಿದ ಅಂಕಿಯಿಂದ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿರಲಿಲ್ಲ. 'ತಿಳಿಸಿ' ಎಂಬ ಆದೇಶವೂ ಅಷ್ಟೇ ಅಪೂರ್ಣ, ತಿಳಿಸಿ ಉತ್ತರ ಬರುವವರೆಗಿನ ಹೊತ್ತಿನಲ್ಲಿ ಪಂಪ್ ಓಡಬೇಕೋ ನಿಲ್ಲಬೇಕೋ ಎಂಬುದನ್ನು ಅದು ಹೇಳುವುದಿಲ್ಲ. ಘಟನೆಯನ್ನು ವರದಿ ಪುಸ್ತಕದಲ್ಲಿ ಬರೆದೆವು. ಈಗ ನಮ್ಮ ಘಟಕದಲ್ಲಿ ಆ ಸಾಲನ್ನು "250ಕ್ಕಿಂತ ಕೆಳಗೆ ಬಂದರೆ ಡಿಎನ್‌ಎಸ್‌ಗೆ ಬದಲಿಸಿ, ಇನ್ಸುಲಿನ್ ಮುಂದುವರಿಸಿ, ವೈದ್ಯರಿಗೆ ತಿಳಿಸಿ" ಎಂದೇ ಬರೆಯುತ್ತಾರೆ.

ಆ ರಾತ್ರಿ ನಮ್ಮ ದೊಡ್ಡ ಆತಂಕ ಸಕ್ಕರೆಯದ್ದಾಗಿರಲಿಲ್ಲ. ಡಿಕೆಎಯಲ್ಲಿ ಮಿದುಳು ಊತ ಬರುವುದು ನೂರರಲ್ಲಿ ಒಂದಕ್ಕಿಂತಲೂ ಕಡಿಮೆ ಮಕ್ಕಳಿಗೆ, ಆದರೆ ಬಂದವರಲ್ಲಿ ಸಾವು ನೋವು ಹೆಚ್ಚು, ಮತ್ತು ಅದು ಚಿಕಿತ್ಸೆ ಶುರುವಾಗಿ ಮಗು ಸುಧಾರಿಸುತ್ತಿದೆ ಎನ್ನಿಸುವ ಮೊದಲ ಗಂಟೆಗಳಲ್ಲೇ ಹೆಚ್ಚಾಗಿ ಬರುತ್ತದೆ. ತಲೆಯ ಭಾಗವನ್ನು 30 ಡಿಗ್ರಿ ಎತ್ತರಿಸಿ, ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿಸಿ, ಕಣ್ಣಿನ ಪಾಪೆಗಳನ್ನು ನೋಡುತ್ತಿದ್ದೆವು. ಮೂರು ಗಂಟೆಗೆ ನಾಡಿ 98ಕ್ಕೆ ಇಳಿದಿತ್ತು, ಅವಳು ಗಾಢವಾಗಿ ಮಲಗಿದ್ದಳು. ದ್ರವ ಸೇರಿ ನಾಡಿ ಸಹಜವಾಗಿ ಇಳಿಯಿತೇ, ಅಥವಾ ತಲೆಬುರುಡೆಯೊಳಗಿನ ಒತ್ತಡ ಏರುತ್ತಿದೆಯೇ ಎಂದು ಮಾನಿಟರ್ ನೋಡಿ ಹೇಳಲಾಗದು. ಎಬ್ಬಿಸಿ ನಿನ್ನ ಶಾಲೆಯ ಹೆಸರೇನು, ಕ್ಲಾಸ್ ಟೀಚರ್ ಯಾರು, ತಲೆ ನೋಯುತ್ತಿದೆಯಾ ಎಂದು ಕೇಳಿದೆ. ಎಷ್ಟು ಸಲ ಅದನ್ನೇ ಕೇಳ್ತೀರಾ ಸಿಸ್ಟರ್ ಎಂದು ಅವಳು ಸಿಡುಕಿದಳು. ನನಗೆ ಬೇಕಾಗಿದ್ದ ಉತ್ತರ ಅದೇ ಆಗಿತ್ತು. ಕಿಲೋಗೆ ಅರ್ಧದಿಂದ ಒಂದು ಗ್ರಾಂನಂತೆ, ಅಂದರೆ ಮಿದುಳು ಊತ ಇಳಿಸುವ 20 ಶೇಕಡಾ ಮ್ಯಾನಿಟಾಲ್ 80ರಿಂದ 160 ಮಿಲಿ ಎಂದು ಲೆಕ್ಕ ಬರೆದು ಹಾಸಿಗೆಯ ಪಕ್ಕದಲ್ಲಿ ಇಟ್ಟಿದ್ದ ಬಾಟಲಿಗಳನ್ನು ಬೆಳಿಗ್ಗೆ ತೆರೆಯದೆಯೇ ಹಿಂತಿರುಗಿಸಿದೆವು.

ಮೂತ್ರದ ಕೀಟೋನ್ ಪಟ್ಟಿ ಬೆಳಗಿನವರೆಗೂ ಕಡುನೇರಳೆಯಾಗಿಯೇ ಬರುತ್ತಿತ್ತು. ರಕ್ತದ ಕೀಟೋನ್ ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಮೂತ್ರದ ಪಟ್ಟಿ ಗುರುತಿಸುವುದು ಅಸಿಟೋಅಸಿಟೇಟ್ ಎಂಬ ಒಂದು ಬಗೆಯ ಕೀಟೋನನ್ನು ಮಾತ್ರ. ಚಿಕಿತ್ಸೆ ಫಲಿಸಿದಂತೆ ಇನ್ನೊಂದು ಕೀಟೋನ್ ಇದಾಗಿ ಬದಲಾಗುವುದರಿಂದ, ರೋಗಿ ಸುಧಾರಿಸುತ್ತಿರುವಾಗಲೂ ಪಟ್ಟಿ ಅದೇ ಬಣ್ಣ ತೋರಿಸಬಹುದು. ಆದ್ದರಿಂದ ನಾವು ನಂಬಿದ್ದು ಪಿಎಚ್ ಮತ್ತು ಬೈಕಾರ್ಬೊನೇಟನ್ನು: ಐದಕ್ಕೆ 7.27 ಮತ್ತು 14, ಹತ್ತಕ್ಕೆ 7.34 ಮತ್ತು 18.

ಬೆಳಗಿನ ಜಾವ ಅಜ್ಜಿ ಸೆರಗಿನಡಿ ಎಳನೀರಿನ ಬಾಟಲಿ ತಂದಿದ್ದರು. ಒಣಗಿದ ತುಟಿಯ ಮೊಮ್ಮಗಳಿಗೆ ಒಂದು ಗುಟುಕು ಕುಡಿಸಬೇಕೆಂಬ ಅವರ ಆಸೆಯನ್ನು ಗದರಿಸಿ ಅಡಗಿಸಬಾರದು ಎನ್ನಿಸಿತು. ಎಳನೀರಿನಲ್ಲಿ ಸಕ್ಕರೆಯೂ ಪೊಟ್ಯಾಸಿಯಮ್ಮೂ ಇರುವುದರಿಂದ ನಮ್ಮ ಲೆಕ್ಕ ತಪ್ಪುತ್ತದೆ, ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗಬಹುದು ಎಂದು ವಿವರಿಸಿ, ಒದ್ದೆ ಹತ್ತಿಯಿಂದ ತುಟಿ ಒರೆಸುವ ಕೆಲಸವನ್ನು ಅವರಿಗೇ ಒಪ್ಪಿಸಿದೆ. ಬೆಳಗಾಗುವವರೆಗೆ ಅದನ್ನು ಅವರು ಬಿಡದೆ ಮಾಡಿದರು.

ಆಸ್ಪತ್ರೆಯಲ್ಲಿ ಎರಡನೆಯ ಬಾರಿ ಇನ್ಸುಲಿನ್ ನಿಲ್ಲುವ ಸಂದರ್ಭ ಬಂದದ್ದು ಮಧ್ಯಾಹ್ನ. ನಾನು ಮನೆಗೆ ಹೋಗಿದ್ದೆ, ಆದರೆ ಪಾಳಿ ಒಪ್ಪಿಸುವಾಗ ಚರ್ಮದಡಿಯ ಇನ್ಸುಲಿನ್ ಕೊಟ್ಟು ಒಂದು ಗಂಟೆ ಕಳೆಯುವ ಮುನ್ನ ಪಂಪ್ ನಿಲ್ಲಬಾರದು ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೆ. ಹನ್ನೊಂದಕ್ಕೆ 12 ಯೂನಿಟ್ ಗ್ಲಾರ್ಜಿನ್ (ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್), ಹನ್ನೆರಡಕ್ಕೆ 6 ಯೂನಿಟ್ ರೆಗ್ಯುಲರ್ ಕೊಟ್ಟಾಗಿತ್ತು. ಹನ್ನೆರಡೂಕಾಲಿಗೆ ಹಾಸಿಗೆ ಖಾಲಿ ಮಾಡಬೇಕೆಂದು ಸ್ಟ್ರೆಚರ್ ಬಂತು. ವಾರ್ಡಿನಲ್ಲಿ ಸಿರಿಂಜ್ ಪಂಪ್ ಇಲ್ಲದ ಕಾರಣ ಅದನ್ನು ತೆಗೆದೇ ಸಾಗಿಸಬೇಕಾಗಿತ್ತು. ಅಂದು ಊಟದ ಗಾಡಿಯೂ ಮುಕ್ಕಾಲು ಗಂಟೆ ತಡವಾಯಿತು. ಹಗಲು ಪಾಳಿಯ ಹಿರಿಯ ಶುಶ್ರೂಷಾಧಿಕಾರಿ ಕೆಂಪು ಸಾಲನ್ನು ತೋರಿಸಿ, ಸ್ಟ್ರೆಚರನ್ನು ವಾಪಸ್ ಕಳಿಸಿ, ಅವಳು ಊಟ ಮಾಡುವವರೆಗೂ ಡ್ರಿಪ್ ಓಡಿಸಿ, ಒಂದೂಕಾಲಿಗೆ ಪಂಪ್ ನಿಲ್ಲಿಸಿದರು. ಹೊಸ ಇನ್ಸುಲಿನ್ ಚರ್ಮದಡಿಯಿಂದ ರಕ್ತಕ್ಕೆ ಸೇರುವ ಮೊದಲೇ ಹಳೆಯದನ್ನು ಕಿತ್ತು ಸಾಗಿಸಿದ್ದರೆ ವಾರ್ಡಿನಲ್ಲಿ ಸಂಜೆಯ ಹೊತ್ತಿಗೆ ಮತ್ತೆ ಕೀಟೋನ್ ಕಾಣಿಸುವ ಸಾಧ್ಯತೆಯಿತ್ತು.

ವಾರ್ಡಿನಲ್ಲಿ ಸ್ನಾನ ಮಾಡಿಸುವಾಗ ಎರಡೂ ತೊಡೆಗಳ ಮೇಲೆ ನಿಂಬೆ ಗಾತ್ರದ ಮೆತ್ತನೆಯ ಗಂಟುಗಳು ಕೈಗೆ ಸಿಕ್ಕವು. ಅಲ್ಲಿ ಚುಚ್ಚಿದರೆ ನೋವಾಗುವುದಿಲ್ಲ ಎಂದು ಅವಳು ಮೂರು ವರ್ಷದಿಂದ ಅದೇ ಜಾಗ ತೋರಿಸುತ್ತಿದ್ದಳಂತೆ, ಒಂದೇ ಸೂಜಿಯನ್ನು ವಾರಗಟ್ಟಲೆ ಬಳಸುತ್ತಿದ್ದರಂತೆ. ಗಂಟಿನೊಳಗೆ ಹೋದ ಇನ್ಸುಲಿನ್ ಯಾವಾಗ, ಎಷ್ಟು ರಕ್ತಕ್ಕೆ ಸೇರುತ್ತದೆಂದು ಹೇಳಲಾಗುವುದಿಲ್ಲ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ 11.4 ಬಂದದ್ದಕ್ಕೆ ಇದೂ ಒಂದು ಕಾರಣವಾಗಿದ್ದಿರಬೇಕು. ಕಣ್ಣಿಗೆ ಕಾಣದ, ಕೈಯಿಂದ ಮುಟ್ಟಿದರೆ ಮಾತ್ರ ಸಿಗುವ ಈ ಗಂಟುಗಳನ್ನು ಹುಡುಕುವುದು ಶುಶ್ರೂಷಕರ ಕೆಲಸವೇ ಎಂದು ನಾನು ತಿಳಿದಿದ್ದೇನೆ. ಹೊಟ್ಟೆಯ ಮೇಲಿನ ಹೊಸ ಜಾಗಗಳಿಗೆ ಬದಲಿಸಿದ ಮೇಲೆ ಅದೇ ಡೋಸ್ ಹೆಚ್ಚು ಬಲವಾಗಿ ಕೆಲಸ ಮಾಡಿ, ಮೂರನೆಯ ರಾತ್ರಿ ಮೂರಕ್ಕೆ ಬೆವರಿ ನಡುಗುತ್ತಾ ಎದ್ದಳು, ಸಕ್ಕರೆ 58. ಎರಡು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ನೋಡಿದಾಗ 82 ಆಗಿತ್ತು. ಬೆಳಿಗ್ಗೆ ಚಾರ್ಟಿನಲ್ಲಿ ಗ್ಲಾರ್ಜಿನ್ ಎದುರು 'ಹೋಲ್ಡ್', ಅಂದರೆ ಸದ್ಯಕ್ಕೆ ಕೊಡಬೇಡಿ, ಎಂದು ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು. ಇನ್ಸುಲಿನ್ ನಿಲ್ಲುವ ಸಂದರ್ಭಗಳಲ್ಲಿ ಇದು ಮೂರನೆಯದು. ವೈದ್ಯರು ಅದನ್ನು ಹೊಡೆದುಹಾಕಿ 10 ಯೂನಿಟ್‌ಗೆ ಇಳಿಸಿದರು. ನಾಲ್ಕನೆಯ ದಿನ 312 ಎಂದು ಬಂದ ಇನ್ನೊಂದು ಅಂಕಿ ಗಾಬರಿ ಹುಟ್ಟಿಸಿತು; ಆಗಷ್ಟೇ ಕಿತ್ತಳೆ ಸುಲಿದಿದ್ದ ಬೆರಳನ್ನು ಸೋಪಿನಿಂದ ತೊಳೆಸಿ ನೋಡಿದರೆ 184.

ಮನೆಗೆ ಕಳಿಸುವ ಮುನ್ನ ಮೂರು ಮಧ್ಯಾಹ್ನ ತಾಯಿಯೊಂದಿಗೆ ಕುಳಿತೆ. ಮೊದಲಿನ ಮಿಶ್ರಣ ಹಾಲಿನಂತೆ ಬೆಳ್ಳಗಿತ್ತು, ಅಂಗೈಯಲ್ಲಿ ಉರುಳಿಸಿ ತೆಗೆಯಬೇಕಿತ್ತು. ಈಗಿನ ಎರಡೂ ನೀರಿನಂತೆ ತಿಳಿಯಾಗಿರುವುದರಿಂದ ನೋಡಿ ಗುರುತಿಸಲು ಆಗುವುದಿಲ್ಲ. ಅದಕ್ಕೆ ಗ್ಲಾರ್ಜಿನ್ ಪೆನ್ನಿನಲ್ಲಿ ಮಾತ್ರ, ಊಟದ ರೆಗ್ಯುಲರ್ ಇನ್ಸುಲಿನ್ ಬಾಟಲಿಯಿಂದ ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ ಮಾತ್ರ ಎಂದು ಗೊತ್ತುಪಡಿಸಿದೆವು; ಕಿತ್ತಳೆ ಮುಚ್ಚಳದ 100ರ ಸಿರಿಂಜನ್ನು ಅಂಗಡಿಯವರು ಕೊಟ್ಟರೂ ತರಬಾರದು. ಮನೆಯಲ್ಲಿ ಫ್ರಿಡ್ಜ್ ಇರಲಿಲ್ಲ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಸಣ್ಣ ಮಡಕೆಯಿಟ್ಟು, ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿಡುವ ಉಪಾಯ ಹೇಳಿದಾಗ, ಬೆಣ್ಣೆ ಇಡೋ ಹಂಗೆ ಅಂತೀರಾ ಎಂದು ಅವರೇ ನಕ್ಕರು.

ಹೆಚ್ಚು ಹೊತ್ತು ಹಿಡಿದದ್ದು ಕಾಯಿಲೆಯ ದಿನಗಳ ಪಾಠ. 1922ರಲ್ಲಿ ಇನ್ಸುಲಿನ್ ಬಳಕೆಗೆ ಬರುವ ಮುಂಚೆ ಇಂಥ ಮಕ್ಕಳಿಗೆ ವೈದ್ಯರು ಕೊಡುತ್ತಿದ್ದ ಚಿಕಿತ್ಸೆಯೇ ಉಪವಾಸ, ಅದು ಸಾವನ್ನು ಸ್ವಲ್ಪ ಮುಂದೂಡುತ್ತಿತ್ತಷ್ಟೇ ಎಂದು ಹೇಳಿದೆ. ಊಟ ಬಿಟ್ಟರೂ ಗ್ಲಾರ್ಜಿನ್ ಬಿಡುವಂತಿಲ್ಲ. ಮೂರು ನಾಲ್ಕು ಗಂಟೆಗೊಮ್ಮೆ ಸಕ್ಕರೆ, ಪ್ರತಿ ಮೂತ್ರದಲ್ಲಿ ಕೀಟೋನ್ ಪಟ್ಟಿ. ಸಕ್ಕರೆ ಇಳಿಯುತ್ತಿದ್ದರೆ ಬೆಲ್ಲದ ನೀರು, ಏರಿದ್ದರೆ ಉಪ್ಪು ಹಾಕಿದ ಗಂಜಿ ತಿಳಿ. ಎರಡು ಗಂಟೆಯಿಂದ ವಾಂತಿ ನಿಲ್ಲದಿದ್ದರೆ ಅಥವಾ ಉಸಿರು ಓಡತೊಡಗಿದರೆ ನೇರವಾಗಿ ಆಸ್ಪತ್ರೆ. ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು, ನಾಳೆ ನಾನೇ ನಿಮ್ಮ ಅತ್ತೆ ಅಂದುಕೊಳ್ಳಿ, ಮಗು ಉಂಡಿಲ್ಲ, ಸೂಜಿ ಬೇಡ ಅಂತೀನಿ, ನೀವೇನು ಹೇಳ್ತೀರಿ ಎಂದು ಕೇಳಿದೆ. ಪಕ್ಕದಲ್ಲೇ ಕುಳಿತಿದ್ದ ಅತ್ತೆಯ ಮುಖ ನೋಡಿ ತಾಯಿ ಮೊದಲ ದಿನ ಸುಮ್ಮನಾದರು. ಮೂರನೆಯ ದಿನ ಉತ್ತರ ಕೊಟ್ಟದ್ದು ಅಜ್ಜಿಯೇ.

ಆರನೆಯ ದಿನ ಬಿಡುಗಡೆಯಾಯಿತು. ಎರಡು ತಿಂಗಳ ನಂತರ ಹೊರರೋಗಿ ವಿಭಾಗಕ್ಕೆ ಬಂದಾಗ ತಾಯಿ ನೂರು ಪುಟದ ನೋಟ್‌ಬುಕ್ ತೆರೆದು ಒಂದು ಹಾಳೆ ತೋರಿಸಿದರು. ಜ್ವರ, ಊಟ ಇಲ್ಲ, ಪೆನ್ 10, ಕೀಟೋನ್ ಒಂದು ಪ್ಲಸ್, ಗಂಜಿ ನಾಲ್ಕು ಲೋಟ ಎಂದು ಮಗಳ ಕೈಬರಹದಲ್ಲಿತ್ತು. ತೊಡೆಯ ಗಂಟುಗಳು ಚಿಕ್ಕದಾಗಿದ್ದವು, ಹೋಗಿರಲಿಲ್ಲ. ಸಕ್ಕರೆ ನೋಡುವ ಪಟ್ಟಿಗಳು ಹಿಂದಿನ ವಾರವೇ ಮುಗಿದು, ಮುಂದಿನ ಎಂಟು ದಿನಗಳ ಕಾಲಂಗಳು ಖಾಲಿಯಾಗಿದ್ದವು. ಅಂದು ಔಷಧಾಲಯದ ಕಿಟಕಿಯಲ್ಲಿ ಅವರೊಂದಿಗೆ ನಿಂತು ಎರಡು ಡಬ್ಬಿ ಪಟ್ಟಿ ಕೊಡಿಸಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು.